ಮೂರು ಸಲ ತುಂಬಿದ ಉಡಿ

ಹನ್ನೆರಡು ವರ್ಷ ನಾನು ಟಿವಿಯಲ್ಲಿ ಸಿನಿಮಾ ವರದಿಗಾರ್ತಿಯಾಗಿದ್ದೆ. ನಟರ ಮನೆಯ ಗೇಟಿನ ಮುಂದೆ ಮೈಕು ಹಿಡಿದು ನಿಂತು, ಒಳಗೆ ಹಬ್ಬಕ್ಕೆ ಏನು ಅಡುಗೆಯಾಗಿದೆ ಎಂದು ನಾಡಿಗೆಲ್ಲ ಸಾರುವುದು ನನ್ನ ಕೆಲಸ. ನಮ್ಮೂರು ಇಂಡಿಯಲ್ಲಿ ಮಾಸ್ತರರಾಗಿದ್ದ ನನ್ನಪ್ಪ, "ಇದಕ್ಕ ಎಂ.ಎ. ಯಾಕ ಬೇಕಿತ್ತವ್ವ?" ಎಂದು ಒಮ್ಮೆ ಕೇಳಿ, ಉತ್ತರಕ್ಕೂ ಕಾಯದೆ ಪೇಪರಿಗೆ ತಿರುಗಿದ್ದರು. ಕೇಳಿದ್ದು ಸರಿಯಾಗಿಯೇ ಇತ್ತು. ಆದರೆ ನನಗೆ ಆ ಕೆಲಸ ಇಷ್ಟವಿತ್ತು, ಅದನ್ನೇಕೆ ಮುಚ್ಚಿಡಲಿ? ಬಸ್ಸಿನಲ್ಲಿ ಯಾರಾದರೂ ಗುರುತು ಹಿಡಿದರೆ ಊರು ಬರುವವರೆಗೂ ಹಿಗ್ಗಿಕೊಂಡೇ ಕೂತಿರುತ್ತಿದ್ದೆ.

ಆಮೇಲೆ ಒಂದು ಹಾಡಿನ ರಿಯಾಲಿಟಿ ಶೋದವರು ತೀರ್ಪುಗಾರ್ತಿಯಾಗಲು ಕರೆದರು. ನನಗೆ ಸಂಗೀತ ಬರುವುದಿಲ್ಲ ಎಂದೆ. ಸಂಗೀತಕ್ಕೆ ಇನ್ನಿಬ್ಬರಿದ್ದಾರೆ, ನೀವು ನಿಮ್ಮ ಕಡೆಯ ಮಾತಾಡಿದರೆ ಸಾಕು ಎಂದರು. ಕೆಲಸಕ್ಕೆ ಸೇರಿದ ಮೊದಲ ವರ್ಷ ನನ್ನ ಬಾಯಿಂದ ಇಂಡಿಯ ಮಾತನ್ನು ತಿಕ್ಕಿ ತೊಳೆದವರೂ ಇಂಥವರೇ. ಈಗ ಅದೇ ಬೇಕಂತೆ. ಸಿಟ್ಟು ಬರಬೇಕಿತ್ತು, ಖುಷಿಯಾಯಿತು.

ಅಲ್ಲಿ ತೀರ್ಪು ಕೊಡುವುದೆಂದರೆ ಏನು ಎಂಬುದನ್ನೂ ಹೇಳಿಬಿಡುತ್ತೇನೆ. ಯಾರು ಯಾವ ವಾರ ಮನೆಗೆ ಹೋಗಬೇಕು ಎಂಬ ಪಟ್ಟಿ ಮೊದಲೇ ಬರೆದಿರುತ್ತಿತ್ತು. ಗಲ್ಲಕ್ಕೆ ಕೈಹಚ್ಚಿ ಯೋಚಿಸುವಂತೆ ಕಾಣುವುದಷ್ಟೇ ನಮ್ಮ ಪಾಲಿನದು. ಪ್ರತಿಯೊಬ್ಬ ಸ್ಪರ್ಧಿಗೂ ಒಂದು ಫೈಲು. ಅದರಲ್ಲಿ ಹಾಡಿನ ಸುದ್ದಿ ಅರ್ಧ ಪುಟ, ಕಣ್ಣೀರಿನ ಸುದ್ದಿ ಮೂರು ಪುಟ.

ಆ ವರ್ಷ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ಆಯ್ಕೆ ನಡೆಸಬೇಕೆಂದು ಹಟ ಹಿಡಿದವಳು ನಾನೇ. ನಮ್ಮ ಕಡೆಯವರೂ ಒಮ್ಮೆ ಮೆರೆಯಲಿ ಎಂಬ ಆಸೆ. ಬಾಗೇವಾಡಿಯ ಒಂದು ಮಂಗಲ ಕಾರ್ಯಾಲಯದಲ್ಲಿ ಬೆಳಿಗ್ಗೆಯಿಂದ ಮೂವತ್ತು ಜನ ಹಾಡಿ ಹೋದ ಮೇಲೆ ಅವಳು ಬಂದಳು. ಮುದ್ದೇಬಿಹಾಳದ ಹತ್ತಿರದ ಹಳ್ಳಿಯವಳು. ಮದುವೆಯಾಗಿ ಆರು ವರ್ಷ. ಮನೆಯಲ್ಲಿ ಕುಪ್ಪಸ ಹೊಲಿಯುತ್ತಾಳೆ. ಮೈಕು ಹೇಗೆ ಹಿಡಿಯಬೇಕೆಂದು ತಿಳಿಯದೆ ಅದನ್ನು ಕೆಳಗಿಟ್ಟು, ಕಣ್ಣು ಮುಚ್ಚಿ ಒಂದು ಸೋಬಾನ ಪದ ಹಾಡಿದಳು. ಸಂಗೀತ ಬಾರದ ನನಗೂ ಗೊತ್ತಾಯಿತು. ಹಿಂದಿನ ಸಾಲಿನಲ್ಲಿ ಚಹಾ ಕುಡಿಯುತ್ತಿದ್ದವರು ಲೋಟ ಹಿಡಿದಂತೆಯೇ ಕೂತುಬಿಟ್ಟರು.

ನಿರ್ದೇಶಕ ಬೆಂಗಳೂರಿನವನು. ಅವಳ ಫೈಲು ನೋಡಿ, "ಅಪ್ಪ ಅಮ್ಮ ಇಲ್ಲ, ಸಾಕಿದ ಸೋದರಮಾವನೂ ಹೋಗ್ಬಿಟ್ರು. ಇದನ್ನ ಹೇಗೆ ತೋರಿಸೋದು ಮೇಡಂ? ಬರೀ ಅತ್ತರೆ ಹಳೇದಾಯ್ತು" ಎಂದ.

ಆಗ ನಾನು ಹೇಳಿದೆ: "ಉಡಿ ತುಂಬೋಣ."

ಯಾರೂ ನನ್ನ ಬಾಯಿ ಬಿಡಿಸಲಿಲ್ಲ. ತವರಿನಿಂದ ಹೊರಡುವ ಹೆಣ್ಣುಮಗಳ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಸಿನ, ಕುಪ್ಪಸದ ಖಣ ಹಾಕಿ ಕಳಿಸುತ್ತಾರೆ, ಅವಳಿಗೆ ಹಾಕುವವರಿಲ್ಲ, ನಾನು ಹಾಕುತ್ತೇನೆ ಎಂದು ವಿವರಿಸಿದೆ. ನಮ್ಮ ಕಡೆ ಗಂಡನ ಮನೆಯಲ್ಲಿ ಹೆಣ್ಣಿಗಿರುವ ಬೆಲೆ ಅರ್ಧ ತವರಿನಿಂದ ಬಂದದ್ದು. ನಾಗರ ಪಂಚಮಿಗೆ ಕರೆಯಲು ತವರಿನಿಂದ ಯಾರಾದರೂ ಬರುತ್ತಾರೆಂದರೆ ಅತ್ತೆಯೂ ಒಂದು ಮಾತು ಕಡಿಮೆ ಆಡುತ್ತಾಳೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದರಿಂದಲೇ ಆ ದೃಶ್ಯ ಗೆಲ್ಲುತ್ತದೆ ಎಂದೂ ಗೊತ್ತಿತ್ತು.

ಅರ್ಧ ತಾಸಿನಲ್ಲಿ ಬುಟ್ಟಿ ಬಂತು. ಅವಳು ಸೆರಗು ಒಡ್ಡಿದಳು. ಐದು ಬೊಗಸೆ ಅಕ್ಕಿ ಹಾಕಿ, ಕ್ಯಾಮೆರಾದ ಕಡೆ ಸ್ವಲ್ಪ ತಿರುಗಿ, "ಇವತ್ತಿಂದ ಇಂಡಿ ಊರಾಗಿನ ನನ್ನ ಮನೀನ ನಿನ್ನ ತವರಮನಿ ತಂಗಿ" ಎಂದೆ. ಅವಳು ಅತ್ತಳು. ಸಭೆಯೂ ಅತ್ತಿತು.

"ನೆರಳು ಬಿದ್ದಿದೆ, ಇನ್ನೊಂದು ಸಲ" ಎಂದ ನಿರ್ದೇಶಕ.

ಉಡಿಯಲ್ಲಿದ್ದದ್ದನ್ನೆಲ್ಲ ಬುಟ್ಟಿಗೆ ಸುರಿಸಿಕೊಂಡರು. ಮತ್ತೆ ತುಂಬಿದೆ, ಮತ್ತೆ ಅದೇ ಮಾತು. ಈ ಸಲ ಅವಳ ಕಣ್ಣೀರು ಸಾಲಲಿಲ್ಲವಂತೆ. ಮತ್ತೆ ಸುರಿಸಿಕೊಂಡರು. ಮೂರನೆಯ ಸಲ ಸರಿಹೋಯಿತು. ಮಾರನೆಯ ದಿನ ಸಿಂದಗಿಯಲ್ಲೂ ಬೇಕಾಗಬಹುದು ಎಂದು ಸಾಮಾನಿನ ವಿಭಾಗದವರು ಬಂದು ಅಕ್ಕಿ, ಕೊಬ್ಬರಿ, ಖಣ ಎಲ್ಲವನ್ನೂ ಎತ್ತಿಕೊಂಡು ಹೋದರು. ಉಡಿಯಲ್ಲಿ ಹಾಕಿದ್ದನ್ನು ವಾಪಸು ತೆಗೆದುಕೊಂಡದ್ದನ್ನು ನಾನು ಹುಟ್ಟಿದಾರಭ್ಯ ಎಲ್ಲೂ ನೋಡಿರಲಿಲ್ಲ. ಸಭೆಯಲ್ಲಿದ್ದ ಹೆಂಗಸರೂ ನೋಡಿರಲಿಲ್ಲ, ಅವರ ಮುಖಗಳೇ ಹೇಳುತ್ತಿದ್ದವು. ಅವಳು ಖಾಲಿ ಸೆರಗು ಹಿಡಿದುಕೊಂಡೇ ನನ್ನನ್ನು ನೋಡಿದಳು.

"ಎಲ್ಲಾ ತಗೊಂಡ್ರಲ್ರಿ ಅಕ್ಕಾರ?"

"ಆಮ್ಯಾಲ ಕೊಡ್ತಾರವ್ವ" ಎಂದೆ. ಬಾಯಿಗೆ ಬಂದ ಸುಳ್ಳು. ಯಾರೂ ಕೊಡಲಿಲ್ಲ, ನಾನೂ ಕೇಳಲಿಲ್ಲ.

ಪಟ್ಟಿಯ ಪ್ರಕಾರ ಅವಳದು ಎರಡೇ ವಾರ. ಬೆಂಗಳೂರಿನ ಸೆಟ್ಟಿನಲ್ಲಿ ನನಗೆ ಕೊಟ್ಟ ಚೀಟಿಯಲ್ಲಿ, ಶ್ರುತಿ ತಪ್ಪಿತು ಎಂದು ಬರೆದಿತ್ತು. ಓದಿದೆ. ಅವಳು ಇಳಿದು ಹೋಗುವಾಗ ನನ್ನ ಕುರ್ಚಿಯ ಹತ್ತಿರ ನಿಂತು, "ಖರೇನ ತಪ್ಪಿತ್ತೇನ್ರಿ?" ಎಂದಳು. ನಾನು ಹ್ಞೂಂ ಎಂದೆ. ನನ್ನ ಇಡೀ ವೃತ್ತಿಯಲ್ಲಿ ಇಷ್ಟು ಕೆಟ್ಟ ಕೆಲಸ ಇನ್ನೊಂದು ಮಾಡಿಲ್ಲ. ಅವಳು ನಂಬಿದಳು. ಕಣ್ಣೊರೆಸಿಕೊಂಡು, "ಇರ್ಲಿ ಬಿಡ್ರಿ. ಪಂಚಮಿಗಿ ಮನಿಗಿ ಬರ್ಲೇನ್ರಿ?" ಎಂದಳು.

"ಬಾ ಬಾ" ಎಂದೆ, ದಿನಕ್ಕೆ ನೂರು ಜನರಿಗೆ ಅನ್ನುವ ಹಾಗೆ.

ಪಂಚಮಿಯ ದಿನ ಮಧ್ಯಾಹ್ನ ಶೂಟಿಂಗಿನ ನಡುವೆ ಅವಳ ಫೋನು ಬಂತು. "ಅಕ್ಕಾರ, ನಾ ಇಂಡಿ ಬಸ್ ಸ್ಟ್ಯಾಂಡಿನ್ಯಾಗ ಅದೀನ್ರಿ. ನಿಮ್ಮ ಮನಿ ಕೇಳ್ಕೋತ ಹೋಗಿದ್ನಿ. ಅಲ್ಲಿ ಯಾರೋ ಬ್ಯಾರೆದವ್ರು ಅದಾರ."

ಅಪ್ಪ ತೀರಿಕೊಂಡ ಮೇಲೆ ಆ ಮನೆಯನ್ನು ಬಾಡಿಗೆಗೆ ಕೊಟ್ಟಿದ್ದೆವು. ಟಿವಿಯಲ್ಲಿ ಅದನ್ನೇ ಅವಳ ತವರು ಮಾಡಿದಾಗ ನನಗದು ನೆನಪೂ ಆಗಿರಲಿಲ್ಲ.

"ನಾ ಬೆಂಗಳೂರಾಗ ಅದೀನವ್ವ. ಈಗ ವಾಪಸ್ ಹೋಗು. ಮುಂದ ನೋಡೂಣು."

"ಮನ್ಯಾಗ ತವರಿಗಿ ಹೊಂಟೇನಿ ಅಂತ ಹೇಳಿ ಬಂದೇನ್ರಿ" ಎಂದಳು. ಆಮೇಲೆ, "ನಿಮಗಂತ ಶೇಂಗಾ ಹೋಳಿಗಿ ತಂದಿದ್ನಿ" ಎಂದಳು. ಅಷ್ಟರಲ್ಲಿ ನನ್ನನ್ನು ಸೆಟ್ಟಿಗೆ ಕರೆದರು. ಬಾಡಿಗೆಯವರಿಗೆ ಒಂದು ಫೋನು ಮಾಡಿ, ಒಂದು ರಾತ್ರಿ ಇಟ್ಟುಕೊಳ್ಳಿ ಎನ್ನಬಹುದಿತ್ತು. ಮಾಡಲಿಲ್ಲ.

ಮುಂದಿನ ವರ್ಷ ನನ್ನ ಕುರ್ಚಿಗೆ ಒಬ್ಬ ಹಾಸ್ಯನಟಿ ಬಂದಳು. ಹಳೆಯ ಚಾನೆಲ್ಲಿನಲ್ಲಿ ನನ್ನ ಜಾಗವೂ ತುಂಬಿಹೋಗಿತ್ತು. ಈಗ ಅಂಗಡಿಗಳ ಉದ್ಘಾಟನೆಗೆ ನಿರೂಪಣೆ ಮಾಡುತ್ತೇನೆ. ಗುರುತು ಹಿಡಿದವರು, "ಮೊದಲ ಟಿವ್ಯಾಗ ಬರ್ತಿದ್ರಲ್ರಿ?" ಎನ್ನುತ್ತಾರೆ. ಹೌದ್ರಿ ಎನ್ನುತ್ತೇನೆ. ಇದರಲ್ಲಿ ದೂರುವಂಥದ್ದೇನಿಲ್ಲ. ಆ ಚೀಟಿಗಳನ್ನು ಓದಿದ್ದು ನಾನೇ.

ಹೋದ ತಿಂಗಳು ಮುದ್ದೇಬಿಹಾಳದ ಒಂದು ಸೀರೆ ಅಂಗಡಿಯವರು ಕರೆದಿದ್ದರು. ಕೆಲಸ ಮುಗಿದ ಮೇಲೆ ಪೇಟೆಯಲ್ಲಿ ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಸಿನ, ಒಂದು ಒಳ್ಳೆಯ ಖಣ ಕೊಂಡು, ಕಾರಿನವನಿಗೆ ಅವಳ ಊರಿನ ದಾರಿ ಹೇಳಿದೆ. ಹೋಗಿ ಕ್ಷಮೆ ಕೇಳಿದರೆ ನನ್ನ ಎದೆ ಹಗುರಾದೀತು ಎಂದುಕೊಂಡಿದ್ದೆ. ಅಲ್ಲೂ ನನ್ನ ಚಿಂತೆಯೇ ನನಗೆ.

ಅವಳು ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಬಹಳ ಇಳಿದುಹೋಗಿದ್ದಳು. ಅತ್ತೆ ಚಹಾ ತಂದುಕೊಟ್ಟು, ಸೊಸೆಯ ಮುಂದೆಯೇ ಹೇಳಿದಳು: "ಹಬ್ಬದ ದಿನ ಹೋಗಿ ಹಬ್ಬದ ದಿನಾನ ತಿರುಗಿ ಬಂದ್ಳ್ರಿ. ಓಣಿ ಮಂದಿ ಎಲ್ಲಾ ನಕ್ಕರು. ಟಿವಿ ತವರು ಅಂತ ಈಗೂ ಕಾಡಿಸ್ತಾರ್ರಿ. ಅವತ್ತಿಂದ ನನ್ನ ಮಗ ಎಲ್ಲಿಗೂ ಕಳಸೂದಿಲ್ಲ."

"ಹಾಡ್ತೀ ಏನವ್ವ?" ಎಂದು ಅವಳನ್ನು ಕೇಳಿದೆ.

"ಇಲ್ರಿ. ಶ್ರುತಿ ತಪ್ಪತೈತಲ್ರಿ" ಎಂದಳು.

ಅದು ಸುಳ್ಳಾಗಿತ್ತು, ನನಗೆ ಬರೆದುಕೊಟ್ಟಿದ್ದರು, ನೀನು ತಪ್ಪಿರಲಿಲ್ಲ ಎಂದು ಬಿಡಿಸಿ ಹೇಳಿದೆ. ಅವಳು ನಕ್ಕಳು. ಸಮಾಧಾನಕ್ಕೆ ಹೇಳುತ್ತಿದ್ದೇನೆ ಎಂದುಕೊಂಡಳು. ಅದೊಂದು ಸುಳ್ಳನ್ನು ಎಷ್ಟು ಗಟ್ಟಿಯಾಗಿ ಹೇಳಿದ್ದೆನೆಂದರೆ, ನಿಜಕ್ಕೆ ಅವಳಲ್ಲಿ ಜಾಗವೇ ಉಳಿದಿರಲಿಲ್ಲ.

ಅವಳನ್ನು ಎಬ್ಬಿಸಿ ನಿಲ್ಲಿಸಿದೆ. ಕುಂಕುಮ ಹಚ್ಚಿದೆ. ಸೆರಗು ಒಡ್ಡಿದಳು. ಐದು ಬೊಗಸೆ ಅಕ್ಕಿ ಹಾಕಿ, ಮೇಲೆ ಕೊಬ್ಬರಿ, ಉತ್ತತ್ತಿ, ಅರಿಸಿನ, ಖಣ ಇಟ್ಟೆ. ಈ ಸಲ ತವರಮನಿ ಎಂಬ ಮಾತು ಆಡಲಿಲ್ಲ. ಅತ್ತೆ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದಳು.

ಅವಳು ಉಡಿ ಹಿಡಿದುಕೊಂಡು ನನ್ನ ಖಾಲಿ ಚೀಲದ ಕಡೆ ನೋಡಿ ಕೇಳಿದಳು:

"ಅಕ್ಕಾರ, ಈಗ ತಿರುಗಿ ಹಾಕ್ಲೇನ್ರಿ?"

ಚುಚ್ಚಿ ಆಡಿದ ಮಾತಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ನಿಜವಾಗಿಯೇ ಕೇಳಿದ್ದಳು.

"ಇಲ್ಲವ್ವ, ಇದು ನಿಂದು" ಎಂದೆ. ಹೂಂ ಎಂದು ತಲೆಯಾಡಿಸಿದಳು. ಆದರೆ ಸೆರಗಿಗೆ ಗಂಟು ಹಾಕಲಿಲ್ಲ. ನನ್ನ ಕಾರು ಓಣಿ ದಾಟುವವರೆಗೂ ಅದನ್ನು ಹಾಗೆಯೇ ಬಿಚ್ಚಿ ಹಿಡಿದುಕೊಂಡು, ಬಾಗಿಲಲ್ಲಿ ಕಾಯುತ್ತ ನಿಂತಿದ್ದಳು.