ಏರು ಬಂದಾಗ ಇಳಿಯುವ ಭಾರ

ನನ್ನ ಗಂಡ ಮೋಟಾರ್ ಸೈಕಲ್ ಮೇಲೆ ಸಿಂಹಳಕ್ಕೆ ಹೋಗುತ್ತೇನೆಂದಾಗ ಮನೆಯಲ್ಲಿ ಯಾರೂ ನಗಲಿಲ್ಲ. ನಕ್ಕರೆ ಅವರ ಹಠ ಇಮ್ಮಡಿಯಾಗುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಅತ್ತೆ ಮಾತ್ರ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, “ಲಂಕಾಕ್ಕ? ಅಲ್ಲಿ ರಾಕ್ಷಸರು ಇರ್ತಾರಂತ. ನಿನ್ನ ಫಟ್‌ಫಟಿ ಸಪ್ಪಳಕ್ಕ ಅವರೇ ಅಂಜಿ ಓಡ್ಯಾರು, ಹೋಗಪಾ,” ಎಂದರು.

ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಎರಡು ವರ್ಷ ಮೊದಲಿನ ಮಾತು ಇದು. ನಾವಿದ್ದದ್ದು ಅಕ್ಕಿಆಲೂರಿನಲ್ಲಿ. ಮನೆಯದೇ ಒಂದು ಅಕ್ಕಿ ಗಿರಣಿ ಇತ್ತು, ಅದರ ಎಂಜಿನ್ ನೋಡಿಕೊಳ್ಳುವುದು ಇವರ ಕೆಲಸ. ಮದುವೆಯಾಗಿ ಆರು ವರ್ಷವಾಗಿತ್ತು, ಇನ್ನೂ ಮಕ್ಕಳಾಗಿರಲಿಲ್ಲ. ಹಿರೇಕೆರೂರಿನಲ್ಲಿ ರಸ್ತೆ ಕೆಲಸದ ಓವರ್‌ಸಿಯರ್ ಒಬ್ಬರು ನೌಕರಿ ಮುಗಿಸಿ ಊರಿಗೆ ಹೋಗುವಾಗ ಮಾರಿದ ಹಳೆಯ ಗಾಡಿ ಆ ಮೋಟಾರ್ ಸೈಕಲ್. ವಯಸ್ಸಿನಲ್ಲಿ ನನಗಿಂತ ಚಿಕ್ಕದು, ಆದರೆ ಬೆಳಗ್ಗೆ ಎದ್ದ ಕೂಡಲೆ ನಮ್ಮ ಮಾವನವರಿಗಿಂತ ಹೆಚ್ಚು ಕೆಮ್ಮುತ್ತಿತ್ತು. ಗೇರು ಬದಲಿಸಲು ಟ್ಯಾಂಕಿನ ಪಕ್ಕದಲ್ಲಿ ಒಂದು ಕೋಲು, ಎಂಜಿನ್ನಿಗೆ ಎಣ್ಣೆ ಊಡಿಸಲು ಕೈಯಿಂದ ಒತ್ತುವ ಒಂದು ಪಂಪು. ಓಡಿಸುವವನಿಗೆ ಎರಡು ಕೈ ಸಾಲುತ್ತಿರಲಿಲ್ಲ.

ಊಟಕ್ಕೆ ಬಡಿಸುವಾಗ ಇವರು ನನಗೊಬ್ಬಳಿಗೇ ಕೇಳುವಂತೆ, “ಇಬ್ಬರೂ ಹೋಗೂಣು,” ಎಂದಿದ್ದರು. ಆ ಎರಡು ಮಾತು ನನ್ನನ್ನು ನಿಂತಲ್ಲಿ ನಿಲ್ಲಗೊಡಲಿಲ್ಲ. ನನ್ನ ಜಗತ್ತು ತವರೂರಾದ ಚಿಕ್ಕೇರೂರಿನಿಂದ ಅಕ್ಕಿಆಲೂರಿನವರೆಗೆ ಇತ್ತು. ಒಮ್ಮೆ ಹುಬ್ಬಳ್ಳಿ ನೋಡಿದ್ದೆ, ಅದೂ ಜವಳಿ ಅಂಗಡಿಯ ಒಳಗಿನಿಂದ. ಸಮುದ್ರ ನೋಡಬೇಕೆಂಬ ಆಸೆ ನನಗೆ ಮೊದಲಿನಿಂದಲೂ ಇತ್ತು ಎಂದರೆ ಸುಳ್ಳಾಗುತ್ತದೆ. ಅಂಥದೊಂದು ಆಸೆ ಪಡಬಹುದೆಂದೇ ನನಗೆ ಗೊತ್ತಿರಲಿಲ್ಲ. ಈಗ ಮಾತ್ರ ಅದನ್ನು ನೋಡದೆ ಸಾಯಬಾರದು ಅನ್ನಿಸಿತು.

ತಯಾರಿ ನಾಲ್ಕು ತಿಂಗಳು ನಡೆಯಿತು. ಸವಣೂರಿನ ಮಿಸ್ತ್ರಿಯೊಬ್ಬರು ಸಂಸ್ಥಾನದ ಮೋಟಾರುಗಳನ್ನು ರಿಪೇರಿ ಮಾಡಿ ಕೈ ಪಳಗಿಸಿಕೊಂಡಿದ್ದರು. ಇವರು ಗಾಡಿಯನ್ನು ಅವರ ಹತ್ತಿರ ಒಯ್ದರು, ಇಬ್ಬರೂ ಕೂಡಿ ಎಂಜಿನ್ ಪೂರಾ ಬಿಚ್ಚಿ ಗೋಣಿ ತಟ್ಟಿನ ಮೇಲೆ ಹರವಿದರಂತೆ. ಸವೆದ ರಿಂಗುಗಳು ಹೋಗಿ ಹೊಸವು ಬಂದವು. ಹಿಂದಿನ ಚಕ್ರಕ್ಕೆ ದಪ್ಪ ಕಡ್ಡಿಗಳು ಬಂದವು. ಶಿಗ್ಗಾವಿಯಲ್ಲಿ ಎತ್ತಿನ ಕೊರಳಿಗೆ ಕಟ್ಟುವ ತೊಗಲಿನ ಜತ್ತಿಗೆ ಮಾಡುವವರ ಕಡೆಯಿಂದ ಎರಡು ತೊಗಲಿನ ಚೀಲ ಹೊಲಿಸಿದರು. ಬೇರೆ ಸರಕಾರದ ಸೀಮೆಗೆ ಹೋಗುವ ಗಾಡಿಗೆ ಬೇರೆ ಕಾಗದ ಬೇಕೆಂದು ಧಾರವಾಡಕ್ಕೆ ಮೂರು ಸಲ ಹೋಗಿಬಂದರು. ಎಂಜಿನ್ನಿಗೆ ಔಡಲೆಣ್ಣೆ ಹಾಕಿದರೆ ತಂಪೆಂದು ಅತ್ತೆ ಹೇಳಿದ್ದನ್ನು ಇವರು ನಗೆಚಾಟಿಕೆ ಮಾಡಿದರೆ, ಮಿಸ್ತ್ರಿ ನಗಲಿಲ್ಲ. “ಅಮ್ಮಾರು ಹೇಳಿದ್ದು ಖರೇ ಐತಿ. ಔಡಲೆಣ್ಣಿ ನಡಿತೈತಿ. ಆದ್ರ ಹಾಕಿದ್ರ ಕಡೀತನಕ ಅದನ್ನ ಹಾಕ್ರಿ, ಅಂಗಡಿ ಎಣ್ಣಿ ಬೆರಸಬ್ಯಾಡ್ರಿ. ಎರಡೂ ಕೂಡಿದ್ರ ಅಂಟು ಆಕ್ಕೈತಿ,” ಎಂದರು. ಅಂದಿನಿಂದ ಅತ್ತೆಗೆ ಆ ಮಿಸ್ತ್ರಿ ಎಂದರೆ ದೇವಮಾನವ.

ನಾನೂ ಸುಮ್ಮನೆ ಕೂಡಲಿಲ್ಲ. ದಪ್ಪ ಜಾಡಿ ಬಟ್ಟೆಯ ಚೀಲಗಳನ್ನು ಹೊಲಿದೆ. ಒಳಗಿನ ಟ್ಯೂಬು ತೂತಾದರೆ ಉಜ್ಜಿ, ಅಂಟು ಬಳಿದು, ತೇಪೆ ಹಾಕುವುದನ್ನು ಕಲಿತೆ. ತಿಂಗಳೊಪ್ಪತ್ತು ಕೆಡದ ಕಟಕು ರೊಟ್ಟಿ ಎಷ್ಟು ಬೇಕು, ಶೇಂಗಾ ಚಟ್ನಿ ಎಷ್ಟು ಬೇಕು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ. ನೀರು ತರಲು ಹೋದಾಗ ಹೆಂಗಸರು, “ಏನವಾ, ಕಡಲ ದಾಟಾಕಿ ಬಂದಳು, ದಾರಿ ಬಿಡ್ರಿ,” ಎಂದು ಚೇಷ್ಟೆ ಮಾಡುತ್ತಿದ್ದರು. ನಾನೂ ಬೀಗುತ್ತಿದ್ದೆ, ಸುಳ್ಳೇಕೆ ಹೇಳಲಿ.

ಹೊರಡುವುದಕ್ಕೆ ಒಂದು ತಿಂಗಳಿರುವಾಗ ಮಿಸ್ತ್ರಿ ಒಂದು ಮಾತು ಹೇಳಿ ಕಳಿಸಿದರು. ಗಾಡಿ ಹಳೆಯದು, ಹಿಂದಿನ ಚಕ್ರಕ್ಕೆ ಸ್ಪ್ರಿಂಗಿಲ್ಲ, ಓಡಿಸುವವರನ್ನು ಬಿಟ್ಟು ಎರಡು ಮಣಕ್ಕಿಂತ, ಅಂದರೆ ಎಂಬತ್ತು ಸೇರಿಗಿಂತ, ಹೆಚ್ಚು ಭಾರ ಹೇರಬಾರದು. ಇವರು ಎಲ್ಲ ಸಾಮಾನನ್ನೂ ಗಿರಣಿಯ ತಕ್ಕಡಿಯಲ್ಲಿ ತೂಗಿ ಒಂದು ಪಟ್ಟಿ ಮಾಡಿದರು. ನನ್ನನ್ನೂ ಭತ್ತದ ಚೀಲದಂತೆ ತಕ್ಕಡಿಯಲ್ಲಿ ಕೂಡಿಸಿ ತೂಗಿದರು. ಒಂದೂ ಕಾಲು ಮಣ ಬಂದೆ. ಗಿರಣಿಯವರೆಲ್ಲ ನಕ್ಕರು, ನಾನೂ ನಕ್ಕೆ.

ಎರಡು ದಿನದ ಮೇಲೆ ಅಂಗಿ ಒಗೆಯಲು ತೆಗೆದಾಗ ಕಿಸೆಯಲ್ಲಿ ಆ ಪಟ್ಟಿ ಸಿಕ್ಕಿತು. ನಾಲ್ಕನೇ ಇಯತ್ತೆ ಓದಿದ್ದೆ, ಓದಲು ಬರುತ್ತಿತ್ತು. ಪೆಟ್ರೋಲ್ ಡಬ್ಬಿ ಎರಡು. ಟೈರು ಒಂದು. ಸರಪಳಿ. ಪಾನಾ, ಪಕ್ಕಡ. ಹಾಸಿಗೆ. ನೀರಿನ ಚೀಲ. ಕೊನೆಗೆ ‘ಮನಿಯಾಕಿ’ ಎಂದು ಬರೆದು, ಅದರ ಮೇಲೆ ಒಂದು ಗೀಟು ಎಳೆದಿದ್ದರು. ಟೈರಿಗೆ ಗೀಟಿಲ್ಲ, ಡಬ್ಬಿಗೆ ಗೀಟಿಲ್ಲ. ನನಗೊಬ್ಬಳಿಗೇ.

ನನಗೆ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತದೆ. ಆ ದಿನ ಮಾತ್ರ ಸಿಟ್ಟಿಗೆ ಮೊದಲು ಅವಮಾನವಾಯಿತು. ಹೊಲಿದ ಚೀಲಗಳನ್ನು ಒಯ್ದು ಇವರ ಮುಂದೆ ಹಾಕಿ, “ಇವನ್ನ ಒಯ್ರಿ. ನನ್ನ ಬಿಟ್ಟ ಮ್ಯಾಲೆ ನಾ ಹೊಲದ ಚೀಲ ಯಾಕ ಬಿಡ್ತೀರಿ?” ಎಂದೆ.

ಇವರು ತಲೆ ಎತ್ತಲಿಲ್ಲ. “ಭಾರ ಕೂಡವಲ್ದು. ನಾನೇನ ಮಾಡ್ಲಿ?” ಎಂದರು.

ಅತ್ತೆ ನನ್ನ ಪರ ಬಂದದ್ದು ನನಗೇ ಆಶ್ಚರ್ಯ. “ಕರಕೊಂಡ ಹೋಗಂಗಿದ್ದಿಲ್ಲಂದ್ರ ಮೊದಲ ಯಾಕ ಹೇಳಿದಿ? ಹುಡುಗಿ ಮೂರ ತಿಂಗಳ ನೆಲದ ಮ್ಯಾಲೆ ಇಲ್ಲ,” ಎಂದು ಮಗನನ್ನು ಬೈದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ನಾನು ಒಳಗೆ ಹೋಗಿ ಕಣ್ಣೀರು ಹಾಕಿದೆ.

ಸಂತೆಯ ದಿನ ಮಿಸ್ತ್ರಿ ಬಸ್ಸಿನಲ್ಲಿ ನಮ್ಮೂರಿಗೆ ಬಂದರು. ಚಕ್ರ ನೋಡಿದರು, ಪಟ್ಟಿಯನ್ನೂ ಓದಿಸಿಕೊಂಡರು. ಗೀಟಿನ ಸಂಗತಿ ಅತ್ತೆಯೇ ಹೇಳಿರಬೇಕು. ನಾನು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ.

“ಮದರಾಸ್ ರಸ್ತಾದಾಗ ಊರೂರಿಗೆ ಪೆಟ್ರೋಲ್ ಸಿಗತೈತ್ರಿ. ಎರಡು ಡಬ್ಬಿ ಯಾಕ?” ಎಂದರು ಮಿಸ್ತ್ರಿ. “ಮತ್ತ ಒಂದ ಮಾತು ಕೇಳ್ರಿ. ಮಣ ಅಂದ್ರ ಎಲ್ಲಾ ಮಣ ಒಂದ ಅಲ್ರಿ. ಏರು ಬಂದ್ರ ಡಬ್ಬಿ ಇಳಿಯಂಗಿಲ್ಲ, ಟೈರ್ ಇಳಿಯಂಗಿಲ್ಲ. ಮನಶ್ಯಾರು ಇಳೀತಾರ. ಇಳಿದು ಒಂದು ಕೈ ನೂಕ್ತಾರ. ಅಂಥಾ ಭಾರ ಯಾರರ ಬಿಟ್ಟು ಹೋಗ್ತಾರೇನ್ರಿ?”

ನಾನು ಮಿಸ್ತ್ರಿಯ ಕಾಲಿಗೆ ಬೀಳುವುದೊಂದೇ ಬಾಕಿ. ಆದರೆ ಎತ್ತು ಏರಿಗೆ, ಕೋಣ ನೀರಿಗೆ ಅನ್ನುವ ಹಾಗೆ ಇವರು ತಮ್ಮದೇ ಎಳೆದರು. “ಪರೀಕ್ಷಾ ಮಾಡೂಣು,” ಎಂದರು. ಸಾಮಾನು ಹೇರಿ, ನನ್ನನ್ನೂ ಕೂಡಿಸಿಕೊಂಡು ಚಿಕ್ಕೇರೂರಿಗೆ ಹೋಗುವುದು. ಆ ಊರಿನ ಈಚೆಗೆ ಒಂದು ಕಡಿದಾದ ಏರಿದೆ. ಗಾಡಿ ನನ್ನನ್ನು ಹೊತ್ತು ಅದನ್ನು ಹತ್ತಿದರೆ ಸಿಂಹಳಕ್ಕೆ ಇಬ್ಬರೂ. ಹತ್ತದಿದ್ದರೆ ಅವರೊಬ್ಬರೇ.

ಮರುದಿನ ಬೆಳಗ್ಗೆ ಹೊರಟೆವು. ಒಂದು ಡಬ್ಬಿಯನ್ನು ಇವರು ಮುಖ ಗಂಟಿಕ್ಕಿಕೊಂಡೇ ಮನೆಯಲ್ಲಿ ಬಿಟ್ಟರು. ಊರವರೆಲ್ಲ ನೋಡುವಾಗ ಗಂಡ ಹೆಂಡತಿ ಮೈಗೆ ಮೈ ತಾಗಿಸಿ ಕೂಡುವುದೆಂದರೇನು ಎಂದು ಅತ್ತೆ ಹಾಸಿಗೆಯ ಸುರುಳಿಯನ್ನು ನಮ್ಮಿಬ್ಬರ ನಡುವೆ ಕಟ್ಟಿಸಿದರು. ಅದು ಇವರ ಬೆನ್ನಿಗೆ ಆತುಕೊಂಡಿತ್ತು. ನಾನು ಅದರ ಹಿಂದೆ, ಒಂದೇ ಕಡೆ ಕಾಲು ಬಿಟ್ಟು, ಸೆರಗು ಬಿಗಿದು ಕುಳಿತೆ.

ಏರು ಬಂತು. ಅರ್ಧ ಹತ್ತುವಷ್ಟರಲ್ಲಿ ಗಾಡಿಯ ಉಸಿರು ಹೋಗತೊಡಗಿತು. ಇವರು ಒಂದು ಕೈಯಿಂದ ಎಣ್ಣೆ ಪಂಪು ಒತ್ತುತ್ತಾರೆ, ಅದೇ ಕೈಯಿಂದ ಗೇರಿನ ಕೋಲು ಎಳೆಯುತ್ತಾರೆ, “ನಡೀ, ನಡೀ ನಮ್ಮಪ್ಪಾ,” ಎಂದು ಎತ್ತಿಗೆ ಹೇಳಿದಂತೆ ಹೇಳುತ್ತಾರೆ. ಗಾಡಿ ನಡಿಗೆಗಿಂತ ನಿಧಾನವಾಯಿತು. ಇನ್ನೊಂದು ಗಳಿಗೆಗೆ ನಿಂತುಬಿಡುತ್ತಿತ್ತು, ಅದರ ಜೊತೆಗೆ ನನ್ನ ಸಮುದ್ರವೂ ನಿಲ್ಲುತ್ತಿತ್ತು. ನಾನು ಸದ್ದಿಲ್ಲದೆ ಜಾರಿ ನೆಲಕ್ಕಿಳಿದೆ. ಹಿಂದಿನಿಂದ ಮೈಯೆಲ್ಲ ಬಲ ಹಾಕಿ ನೂಕಿದೆ.

ಗಾಡಿ ಒಮ್ಮೆ ಗುಡುಗಿ ಕೈ ಬಿಡಿಸಿಕೊಂಡು ಓಡಿತು. ಬೆನ್ನಿಗೆ ಸುರುಳಿ ತಾಗಿಯೇ ಇತ್ತಲ್ಲ, ಇವರಿಗೆ ಏನೂ ಗೊತ್ತಾಗಲಿಲ್ಲ. ತುದಿ ಮುಟ್ಟಿದಾಗ ಒಂದು ಕೈ ಮೇಲೆತ್ತಿ, “ಹತ್ತಿತಲೇ!” ಎಂದು ಕೂಗಿದ್ದು ನನಗೆ ಕೆಳಗೇ ಕೇಳಿಸಿತು. ಆ ಮೇಲೆ ಕಾಣದಾದರು.

ನಾನು ತುದಿಗೆ ಹೋಗಿ ನಿಂತೆ. ಆಚೆ ರಸ್ತೆಯಲ್ಲಿ ಧೂಳು ಬಿಟ್ಟರೆ ಏನೂ ಇರಲಿಲ್ಲ. ಮೊದಲು ನಗು ಬಂತು. ಸ್ವಲ್ಪ ಹೊತ್ತಾದ ಮೇಲೆ ನಗು ಹೋಯಿತು. ತಿಳಿದೇ ಬಿಟ್ಟು ಹೋದರು ಎಂಬ ವಿಚಾರ ತಲೆಯೊಳಗೆ ಹೊಕ್ಕಿತು. ಮತ್ತೆ ಒಂದು ಗೀಟು ಎಳೆದರು ಅಂದುಕೊಂಡೆ. ಬಿಸಿಲಲ್ಲಿ ತವರಿನ ದಾರಿ ಹಿಡಿದು ನಡೆಯತೊಡಗಿದೆ. ಗಂಡನ ಮನೆಗೆ ಇನ್ನು ಹೋಗುವುದೇ ಇಲ್ಲ ಎಂದೂ ನಿರ್ಧರಿಸಿದೆ.

ಅರ್ಧ ಹರದಾರಿ ನಡೆದಿರಬೇಕು. ದೂರದಲ್ಲಿ ಗಾಡಿಯ ಸದ್ದು, ಅದಕ್ಕೂ ಮೇಲೆ ಒಂದು ಕೂಗು ಕೇಳಿಸಿತು. ಯಾರೋ ಹೆಂಗಸಿನ ಹೆಸರು ಹಿಡಿದು ಕೂಗುತ್ತಿದ್ದರು. ಅದು ನನ್ನ ಹೆಸರು ಎಂದು ತಿಳಿಯಲು ತುಸು ಹೊತ್ತೇ ಬೇಕಾಯಿತು, ಯಾಕೆಂದರೆ ಗಂಡ ಹೆಂಡತಿಯನ್ನು ಹೆಸರು ಹಿಡಿದು ಕರೆಯುವ ಪದ್ಧತಿ ನಮ್ಮಲ್ಲಿರಲಿಲ್ಲ. ಆರು ವರ್ಷ ನಾನು ‘ಏ, ಇಲ್ಲಿ ನೋಡು’ ಆಗಿದ್ದೆ. ಈಗ ಇವರು ರಸ್ತೆಯ ಎರಡೂ ಬದಿಯ ತಗ್ಗುಗಳನ್ನು ಇಣುಕುತ್ತ, ಜೋಳದ ಹೊಲಗಳ ಕಡೆಗೆ ತಿರುಗಿ, ಗಂಟಲು ಹರಿಯುವಂತೆ ನನ್ನ ಹೆಸರು ಕೂಗುತ್ತ ಬರುತ್ತಿದ್ದರು.

ನನ್ನನ್ನು ಕಂಡು ಗಾಡಿ ನಿಲ್ಲಿಸಿದರು ಅನ್ನುವುದಕ್ಕಿಂತ ಬೀಳಿಸಿದರು ಅನ್ನಬೇಕು. ಮುಖದ ಧೂಳಿನಲ್ಲಿ ನೀರು ಇಳಿದ ಗುರುತಿತ್ತು. ನಮ್ಮವ್ವನ ಮನೆಯ ಬಾಗಿಲಲ್ಲಿ ಗಾಡಿ ನಿಲ್ಲಿಸಿ, ‘ನೋಡು, ಹತ್ತಿತು’ ಎಂದು ಹೇಳಲು ಹಿಂತಿರುಗಿದರಂತೆ. ಹಿಂದೆ ಹಾಸಿಗೆಯಷ್ಟೇ ಇತ್ತು. ಅವ್ವ ನೀರಿನ ತಂಬಿಗೆ ಹಿಡಿದು ಬಂದು, “ನನ್ನ ಮಗಳೆಲ್ಲಿ?” ಎಂದು ಕೇಳಿದಳಂತೆ.

“ಬಿದ್ದಿಯೇನು? ಎಲ್ಲಿ ಪೆಟ್ಟ ಹತ್ತೇತಿ?” ಎಂದು ನನ್ನ ಕೈ, ಮೊಳಕೈ ಮುಟ್ಟಿ ಮುಟ್ಟಿ ನೋಡಿದರು.

ಏರು ಮುಗಿದ ಮೇಲೆ ಬಿದ್ದೆ ಎಂದಿದ್ದರೆ ಗೆದ್ದುಬಿಡುತ್ತಿದ್ದೆ. ಗಾಡಿ ನನ್ನನ್ನು ಹೊತ್ತು ಏರಿತೆಂದೇ ಅವರು ನಂಬಿದ್ದರು. ಆದರೆ ಅಷ್ಟು ಅಂಜಿದ ಮುಖಕ್ಕೆ ಸುಳ್ಳು ಹೇಳಲು ನನಗೆ ಮನಸ್ಸಾಗಲಿಲ್ಲ. “ಬಿದ್ದಿಲ್ರಿ. ಗಾಡಿ ಏರ್ಲಿಲ್ಲ. ನಾನ ಇಳದು ನೂಕಿದೆ,” ಎಂದೆ.

“ಇಳಿಯಾಗ ಯಾಕ ಹೇಳ್ಲಿಲ್ಲ?”

“ಹೇಳಿದ್ರ ನಿಲ್ಲಿಸ್ತಿದ್ರಿ. ನಿಂತಿದ್ರ ನನ್ನ ಬಿಟ್ಟು ಹೋಗ್ತಿದ್ರಿ.”

ಇವರು ರಸ್ತೆಯ ದಂಡೆಯ ಮೇಲೆ ಕುಳಿತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಗಂಡಸು ಅಳುವುದನ್ನು ನಾನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಆ ಗಳಿಗೆಯಲ್ಲಿ ಅವರ ಮೇಲೆ ಬಂದಷ್ಟು ಅಂತಃಕರಣ ಮದುವೆಯ ದಿನವೂ ಬಂದಿರಲಿಲ್ಲ. ಆಮೇಲೆ ಎದ್ದು, ಉಳಿದಿದ್ದ ಇನ್ನೊಂದು ಡಬ್ಬಿಯನ್ನೂ ಗಾಡಿಯಿಂದ ಬಿಚ್ಚಿ ಕೆಳಗಿಟ್ಟರು, ಹಾಸಿಗೆಯ ಸುರುಳಿಯನ್ನು ಮುಂದಕ್ಕೆ ಟ್ಯಾಂಕಿನ ಮೇಲೆ ಕಟ್ಟಿಕೊಂಡರು. “ಸುಡ್ಲಿ ಆ ಪರೀಕ್ಷಾ. ಬಾ, ಕುಂದ್ರು,” ಎಂದರು.

ಆ ತಿಂಗಳು ಮುಗಿದ ಮೇಲೆ ಸಿಂಹಳಕ್ಕೆ ಹೊರಟೆವು. ನಮ್ಮೂರಿನಿಂದ ಸಿಂಹಳದ ಹಡಗು ಹತ್ತುವ ಸಮುದ್ರದ ದಂಡೆಯವರೆಗೆ ಎಷ್ಟೋ ಏರು ಬಂದವು. ಎಲ್ಲ ಕಡೆಯೂ ನಾನು ಇಳಿದು ನೂಕಿದೆ. ಪ್ರತಿ ಏರಿನ ತುದಿಯಲ್ಲೂ ಇವರು ಎಂಜಿನ್ ಆರಿಸಿ, ಹಿಂತಿರುಗಿ ನೋಡುತ್ತ ನಿಂತಿರುತ್ತಿದ್ದರು. ನಾನು ಹತ್ತಿ, ಹೆಗಲ ಮೇಲೆ ಕೈಯಿಟ್ಟು, “ಕುಂತೇನ್ರಿ,” ಅನ್ನುವವರೆಗೆ ಆ ಗಾಡಿ ಒಂದು ಗೇಣು ಮುಂದೆ ಹೋಗಲಿಲ್ಲ.