ಅವ್ವ ಸರಿಸಿದ ಕೊಡ ಮತ್ತು ನನ್ನ ಲಾ ಸೀಟು

ಸ್ವಲ್ಪ ತಾಳಿ, ಇದರಲ್ಲಿ ಒಂದು ಕೊಡ ಬರುತ್ತದೆ. ಅದಕ್ಕೂ ಮೊದಲು ನನ್ನ ಪೆದ್ದುತನ ಕೇಳಿ.

ಲಾ ಕಾಲೇಜಿನವರು ‘ನೀವು ಯಾಕೆ ಕಾನೂನು ಓದಬೇಕು, ನಿಮ್ಮ ಬಗ್ಗೆ ನೀವೇ ಬರೆಯಿರಿ’ ಎಂದು ಕೇಳಿದ್ದರು. ಅದನ್ನು ನೋಡಿಯೇ ಸಂದರ್ಶನಕ್ಕೆ ಕರೆಯುವುದು. ಮೊಬೈಲಿನಲ್ಲಿ ಕೋರ್ಟಿನ ವಾದ ಕೇಳಿಕೇಳಿ ಕಾನೂನಿನ ಹುಚ್ಚು ಹತ್ತಿಸಿಕೊಂಡವಳು ನಾನು. ಆದರೆ ಜಗಳೂರಿನ ನಮ್ಮ ಓಣಿಯಲ್ಲಿ ಇಂಥದ್ದನ್ನು ಬರೆದವರು ಯಾರೂ ಇರಲಿಲ್ಲ. ನನಗೆ ಗೊತ್ತಿದ್ದದ್ದು ಶಾಲೆಯಲ್ಲಿ ಕಲಿಸಿದ ರಜಾ ಅರ್ಜಿ ಒಂದೇ. ಅದೇ ಧಾಟಿಯಲ್ಲಿ ‘ಮಾನ್ಯರೇ’ ಎಂದು ಶುರುಮಾಡಿ, ‘ದಯಮಾಡಿ ಸೀಟು ಕೊಡಬೇಕಾಗಿ ಪ್ರಾರ್ಥನೆ, ಇಂತಿ ತಮ್ಮ ವಿಧೇಯ ವಿದ್ಯಾರ್ಥಿನಿ’ ಎಂದು ಮುಗಿಸಿ, ರೊಟ್ಟಿ ತಟ್ಟುತ್ತಿದ್ದ ಅವ್ವನಿಗೆ ಓದಿ ಹೇಳಿದೆ.

“ಯಾಕವ್ವಾ, ಜ್ವರ ಬಂದೈತೇನು ನಿಂಗೆ?” ಎಂದು ಅವ್ವ ನಕ್ಕಳು. “ಇದ್ರಾಗೆ ಕೈ ಮುಗಿಯೋದು ಬಿಟ್ರೆ ನೀನೆಲ್ಲಿದ್ದಿ? ನಲ್ಲಿ ಜಗಳ ಬರಿ.”

ಓಣಿಯ ನಲ್ಲಿಗೆ ನೀರು ಯಾವಾಗ ಬರುತ್ತದೋ ಹೇಳಲಾಗದು. ಎಲ್ಲರೂ ಕೊಡಗಳನ್ನು ಸಾಲಾಗಿ ಇಟ್ಟು ಮನೆಗೆ ಹೋಗುತ್ತಾರೆ. ಕೊಡ ಇದ್ದರೆ ಪಾಳಿ ಇದ್ದಂತೆ. ಒಮ್ಮೆ ನೀರು ಬಂದಾಗ ಎದುರುಮನೆ ಚಿಗವ್ವ, ಹಾಸಿಗೆ ಹಿಡಿದ ಅತ್ತೆಗೆ ಗಂಜಿ ಕುಡಿಸುತ್ತಿದ್ದಳು. ಅವಳ ಕೊಡವನ್ನು ಕಾಲಲ್ಲಿ ಸರಿಸಿ ನಮ್ಮದನ್ನು ಇಟ್ಟವಳು ನನ್ನ ಅವ್ವನೇ.

“ಅವ್ವಾ, ಕೊಡ ಐತೆ ಅಂದ್ರೆ ಚಿಗವ್ವ ಇಲ್ಲೇ ಇದ್ದಂಗೆ. ಆಕೀದು ತುಂಬಿಸಿ ಪಕ್ಕಕ್ಕಿಡು, ಆಮ್ಯಾಲೆ ನಮ್ದು!” ಎಂದು ನಾನು ಎಲ್ಲರೆದುರು ಕೂಗಿದ್ದೆ.

“ಏ ಲಾಯರಮ್ಮಾ, ಮನೀಗೆ ಬಾ, ಐತೆ ನಿಂಗೆ!” ಎಂದು ಬೈಯುತ್ತಲೇ ಅವ್ವ ಚಿಗವ್ವನ ಕೊಡವನ್ನು ಮೊದಲು ತುಂಬಿಸಿದ್ದಳು.

“ಅದನ್ನ ಹೆಂಗೆ ಬರೀಲವ್ವಾ? ನಿನ್ ಮರ್ಯಾದಿ?” ಎಂದೆ.

“ಓಣಿ ಮಂದಿ ಮುಂದೆ ಮರ್ಯಾದಿ ಕಳೆಯೋವಾಗ ಕೇಳ್ಲಿಲ್ಲ, ಈಗ ಕೇಳಾಕೆ ಬಂದ್ಲು. ಬರಿಯೇ ಸುಮ್ನೆ.”

ಬರೆದೆ. ಸಂದರ್ಶನಕ್ಕೆ ಕರೆ ಬಂತು. ಅಲ್ಲಿದ್ದ ಮೇಡಂ ನನ್ನ ಬರಹ ಕೈಯಲ್ಲಿ ಹಿಡಿದುಕೊಂಡೇ ಕೇಳಿದರು: “ತಾಯಿ ವಿರುದ್ಧವೇ ಬರೆದಿದ್ದೀರಲ್ಲ, ಅವರಿಗೆ ಗೊತ್ತಾ?”

“ಬರಿ ಅಂದಿದ್ದೇ ಅವ್ರು ಮೇಡಂ. ಹೊರಗೆ ಕುಂತಾರೆ, ಕರೀಲೇನ್ರಿ?”

ಸೀಟು ಸಿಕ್ಕಿತು. ಸುದ್ದಿ ಹೇಳಲು ಅವ್ವ ಮೊದಲು ಓಡಿದ್ದು ಚಿಗವ್ವನ ಮನೆಗೆ.

ನಿಮ್ಮ ಬಗ್ಗೆ ನೀವೇ ಬರೆಯಬೇಕಾಗಿ ಬಂದಾಗ ಮೊದಲು ಏನು ಬರೆದಿರಿ, ಯಾರು ತಿದ್ದಿದರು? ಕೆಳಗೆ ಬರೆದು ಹೇಳಿ. ‘ಮಾನ್ಯರೇ’ ಎಂದು ಮಾತ್ರ ಶುರುಮಾಡಬೇಡಿ.