ಮಡಿಕೆ ಬಿಚ್ಚಿದ ಮುಖ

ಕರೆಂಟು ಹೋದಾಗ ಮಾತ್ರ ರೇಣುಕಾಳಿಗೆ ಪುರುಸೊತ್ತು. ಕೊಟ್ಟೂರಿನ ಉಜ್ಜಿನಿ ರಸ್ತೆಯಿಂದ ಒಳಗೆ ಹೋದರೆ ಸಿಗುವ ಓಣಿಯಲ್ಲಿ ಅವಳ ಮನೆ. ಮನೆಯ ಮುಂದಿನ ಕೋಣೆಯೇ ಟೇಲರ್ ಅಂಗಡಿ. ಹೊಲಿಗೆ ಯಂತ್ರಕ್ಕೆ ಮೋಟರು ಕೂಡಿಸಿದ ಮೇಲೆ ಕಾಲಲ್ಲಿ ತುಳಿಯುವ ರೂಢಿ ತಪ್ಪಿತು, ಮೊಣಕಾಲೂ ಈಗ ಮೊದಲಿನಂತಿಲ್ಲ. ಮಧ್ಯಾಹ್ನ ಫ್ಯಾನು ನಿಧಾನವಾಗಿ ನಿಂತು, ಮೋಟರಿನ ಸದ್ದು ಅಡಗಿದ ಕೂಡಲೇ ಅವಳು ಕುರ್ಚಿಗೆ ಒರಗಿ, ಕತ್ತಿನ ನಟಿಗೆ ಮುರಿದು, ಫೋನು ಕೈಗೆತ್ತಿಕೊಳ್ಳುತ್ತಾಳೆ. ತುದಿಗೆ ರಬ್ಬರಿರುವ ಒಂದು ಪೆನ್ನು ಇದೆ. ಅದರಲ್ಲಿ ಫೋನಿನ ಮೇಲೆ ಮನುಷ್ಯರ ಚಿತ್ರ ಬರೆಯುತ್ತಾಳೆ.

ಅವಳನ್ನು ಅರಸೀಕೆರೆಗೆ ಕೊಟ್ಟಿದ್ದರು. ಎರಡು ವರ್ಷಕ್ಕೆ ಒಂದು ಟ್ರಂಕಿನೊಂದಿಗೆ ವಾಪಸು ಬಂದಳು. ಯಾಕೆಂದು ಓಣಿ ಕೇಳಿತು, ಕೇಳಿ ಕೇಳಿ ಸುಮ್ಮನಾಯಿತು. ಆಮೇಲೆ ಹೊಲಿಗೆ ಕಲಿತಳು. ಅವ್ವ ಅನ್ನದಾನಮ್ಮ ಬಾಗಿಲ ಬಳಿ ಕೂತು ಖಡಕ್ ರೊಟ್ಟಿ ಮಾರುತ್ತಿದ್ದಳು. ಮಗಳು ಒಳಗೆ ಜಂಪರು ಹೊಲಿಯುತ್ತಿದ್ದಳು. ರೊಟ್ಟಿಗೆ ಬಂದವರು ಜಂಪರಿಗೂ ಅಳತೆ ಕೊಟ್ಟು ಹೋಗುತ್ತಿದ್ದರು.

ಚಿತ್ರದ ಹುಚ್ಚು ಹತ್ತಿದ್ದೂ ಜಂಪರಿನಿಂದಲೇ. ಕುತ್ತಿಗೆಯ ಡಿಸೈನು ಹೀಗೆ ಬರುತ್ತದೆ, ಬೆನ್ನಿಗೆ ದಾರ ಹೀಗೆ ಕಟ್ಟುತ್ತದೆ ಎಂದು ಗಿರಾಕಿಗಳಿಗೆ ತೋರಿಸಲು ಫೋನಿನಲ್ಲಿ ಗೀಚತೊಡಗಿದಳು. ಭುಜ, ತೋಳು, ಸೊಂಟ ಎಲ್ಲ ಸಲೀಸಾಗಿ ಬಂದವು. ಕುತ್ತಿಗೆಯ ಮೇಲೆ ಮಾತ್ರ ಖಾಲಿ.

"ಏನಲೇ ರೇಣಿ, ನಿನ್ನ ಗಿರಾಕಿಗಳ ತಲಿ ಎಲ್ಲಿ ಬಿಟ್ಟು ಬಂದಾರ? ಸಂತ್ಯಾಗೇನು?" ಎಂದು ಜೋಹರಾಬಿ ನಗುತ್ತಿದ್ದಳು. ಎದುರು ಮನೆಯ ಜೋಹರಾಬಿ ಹುಕ್ಕು, ಕಾಜಾ, ಅಂಚಿನ ಕೈಹೊಲಿಗೆಗೆಂದು ದಿನವೂ ಬರುವವಳು. ರೇಣುಕಾ ಅವಳನ್ನು ಚಾಚಿ ಎನ್ನುತ್ತಾಳೆ.

ತಲೆ ಬರೆಯುವುದನ್ನು ವಿಡಿಯೋ ನೋಡಿ ಕಲಿತಳು. ಯಾವುದೋ ಊರಿನ ಯಾರೋ ಹುಡುಗಿ ಮೊಟ್ಟೆಯಂಥ ದುಂಡು ಬರೆದು, ಅಡ್ಡಗೆರೆ ಎಳೆದು, ಇಲ್ಲಿ ಕಣ್ಣು ಇಲ್ಲಿ ಮೂಗು ಎನ್ನುತ್ತಿದ್ದಳು. ರೇಣುಕಾ ಬರೆದರೆ ಒಂದು ಕಣ್ಣು ಮೇಲೆ, ಒಂದು ಕೆಳಗೆ. ಅಳಿಸುವುದು, ಮತ್ತೆ ಬರೆಯುವುದು. ಒಂದು ದಿನ ಆ ಚಿತ್ರದ ಆ್ಯಪಿನಲ್ಲೇ ಒಂದು ಅನುಕೂಲ ಕಣ್ಣಿಗೆ ಬಿತ್ತು. ನಡುವೆ ಒಂದು ಗೆರೆ ನಿಲ್ಲಿಸಿಕೊಂಡರೆ ಸಾಕು. ಈ ಕಡೆ ಅರ್ಧ ಮುಖ ಬರೆದರೆ ಆ ಕಡೆಯ ಅರ್ಧ ತಾನಾಗಿಯೇ ಮೂಡುತ್ತದೆ. ರೇಣುಕಾಳಿಗೆ ನಗು ಬಂತು. ಇದು ತನ್ನ ಕಸುಬೇ ಅಲ್ಲವೇ? ಬಟ್ಟೆ ಎರಡು ಮಡಿಕೆ ಹಾಕಿ ಅರ್ಧ ಕತ್ತರಿಸಿ ಬಿಚ್ಚಿದರೆ ಪೂರ್ತಿ ಬೆನ್ನು. ಎರಡೂ ಕಡೆ ಸಮ, ಕೂದಲೆಳೆಯ ವ್ಯತ್ಯಾಸವಿಲ್ಲ.

ಅಲ್ಲಿಂದ ಮುಖಗಳು ಸರಸರ ಬಂದವು. ತಿದ್ದಿದ ಹುಬ್ಬು, ನೇರ ಮೂಗು, ಸರಿಯಾದ ತುಟಿ. ಒಂದನ್ನು ಸ್ಟೇಟಸ್ಸಿಗೂ ಹಾಕಿದಳು. ನೋಡಿದವರೆಲ್ಲ ಚಂದ ಎಂದರು. ಇದು ಯಾರು ಎಂದು ಒಬ್ಬರೂ ಕೇಳಲಿಲ್ಲ. ಅದು ಬಸ್‌ಸ್ಟ್ಯಾಂಡಿನಲ್ಲಿ ಹೂವು ಮಾರುವ ಹುಡುಗಿ ಎಂದು ಅವಳೊಬ್ಬಳಿಗೇ ಗೊತ್ತು.

"ಚಂದ ಅದಾವು ಬಿಡು," ಎಂದಳು ಜೋಹರಾಬಿ, ಮೂಗಿನ ತುದಿಗೆ ಜಾರಿದ ಚಾಳೀಸಿನ ಮೇಲಿಂದ ನೋಡಿ. "ಎಲ್ಲಾರೂ ಒಬ್ಬಾಕಿ ಹೊಟ್ಟ್ಯಾಗ ಹುಟ್ಟಿದಂಗ ಅದಾರ."

ಇದೆಲ್ಲ ಆಟವಾಗಿದ್ದ ಕಾಲ. ಹೋದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಬಾಯಿ ಮುಕ್ಕಳಿಸುತ್ತಿದ್ದ ಅನ್ನದಾನಮ್ಮನ ತುಟಿಯ ಒಂದು ತುದಿಯಿಂದ ನೀರು ತಾನಾಗಿ ಇಳಿಯಿತು. ಮುಖದ ಎಡಭಾಗ ಜೋತುಬಿದ್ದಿತ್ತು. ದಾವಣಗೆರೆಯ ಡಾಕ್ಟರು ಲಕ್ವ ಅಲ್ಲ, ಮುಖದ ನರ ಬಾತಿದೆ ಅಷ್ಟೇ ಎಂದರು. ಗುಳಿಗೆ ಕೊಟ್ಟರು, ಬಲೂನು ಊದಲು ಹೇಳಿದರು. ಬಹಳಷ್ಟು ವಾಸಿಯಾಯಿತು. ಸ್ವಲ್ಪ ಉಳಿಯಿತು. ಉಳಿದದ್ದು ಎಷ್ಟು ಎನ್ನುವುದು ಅನ್ನದಾನಮ್ಮನಿಗೆ ಗೊತ್ತಿರಲಿಲ್ಲ, ಏಕೆಂದರೆ ಅವಳು ಅಂದಿನಿಂದ ಕನ್ನಡಿ ನೋಡಲಿಲ್ಲ. ಅಂಗಡಿಯಲ್ಲಿ ಗಿರಾಕಿಗಳಿಗೆಂದು ಗೋಡೆಗೆ ನಿಲ್ಲಿಸಿದ ಆಳೆತ್ತರದ ಕನ್ನಡಿಯಿದೆ. ಅದಕ್ಕೆ ಹೆದರಿ ಹಿತ್ತಲ ಬಾಗಿಲಿಂದಲೇ ಓಡಾಡಿದಳು. ರೊಟ್ಟಿ ಈಗಲೂ ತಟ್ಟುತ್ತಾಳೆ, ಬಾಗಿಲಿಗೆ ಬರುವುದಿಲ್ಲ. ಯಾರಾದರೂ ಒಳಗೆ ಬಂದರೆ ಸೆರಗನ್ನು ಎಡಗೆನ್ನೆಗೆ ಎಳೆದು ಹಲ್ಲಲ್ಲಿ ಕಚ್ಚಿ ಹಿಡಿಯುತ್ತಾಳೆ. ಮಗಳೆದುರಿಗೂ ಹಾಗೆಯೇ.

ಈಗ ಹಡಗಲಿಯಲ್ಲಿ ಅಣ್ಣ ಭೀಮರಾಜನ ಮಗಳ ನಿಶ್ಚಯ ಹತ್ತಿರ ಬಂದಿತ್ತು. ಅನ್ನದಾನಮ್ಮನಿಗೆ ಮೊದಲ ಮೊಮ್ಮಗಳು.

"ನೀ ಹೋಗಿ ಬಾ," ಎಂದಳು ಅವ್ವ. "ಅಲ್ಲಿ ಫೋಟೋ ತಗೀತಾರ."

"ತಗೀಲಿ ಬಿಡು."

"ತಗದ ಮ್ಯಾಲ ಅದು ಇರತೈತಿ."

ರೇಣುಕಾ ವಾದ ಮಾಡಲಿಲ್ಲ. ದಿನವಿಡೀ ಗಿರಾಕಿಗಳೊಂದಿಗೆ ವಾದ ಮಾಡಿದವಳಿಗೆ ಸಂಜೆ ಮಾತು ಉಳಿದಿರುತ್ತಿರಲಿಲ್ಲ. ನಿಶ್ಚಯಕ್ಕೆ ಹಾಕಿಕೊಳ್ಳಲೆಂದು ಅವ್ವನಿಗೆ ತಂದ ಹಸಿರು ಜಂಪರ್ ಪೀಸು ಕತ್ತರಿಸದೆ ಕಪಾಟಿನಲ್ಲಿತ್ತು. ಅವ್ವನ ಮುಖ ಬರೆದು ತೋರಿಸಬೇಕು ಎಂದುಕೊಂಡಳು. ನೋಡಿದರೆ ಮನಸ್ಸು ಬದಲಾದೀತು. ಬೇರೆ ದಾರಿಯೂ ತಿಳಿಯಲಿಲ್ಲ.

ಕರೆಂಟು ಹೋದ ಮಧ್ಯಾಹ್ನ ಬರೆದಳು. ಚೆನ್ನಾಗಿದ್ದ ಬಲ ಅರ್ಧವನ್ನು ನೆನಪಿನಿಂದ ತಿದ್ದಿ ತೀಡಿದಳು. ಎಡ ಅರ್ಧ ತಾನಾಗಿಯೇ ಬಂತು. ಕುಂಕುಮ, ಬೆಂಡೋಲೆ, ನೆರೆತ ಬೈತಲೆ. ಒಲೆಯ ಮುಂದೆ ಕೂತಿದ್ದ ಅವ್ವನ ಎದುರು ಫೋನು ಹಿಡಿದಳು.

ಅನ್ನದಾನಮ್ಮ ಹಿಟ್ಟಿನ ಕೈಯನ್ನು ದೂರ ಹಿಡಿದು ಬಾಗಿ ನೋಡಿದಳು. ಬಹಳ ಹೊತ್ತು ನೋಡಿದಳು.

"ಹಲವಾಗಲ ನಿಮ್ಮ ದೊಡ್ಡವ್ವನ್ನ ಯಾಕ ಬರ್ದಿ?"

ಹಲವಾಗಲಿನ ದೊಡ್ಡವ್ವ ಅವ್ವನ ಅಕ್ಕ. ಇಬ್ಬರಿಗೂ ಮಾತು ಬಿಟ್ಟು ಎಷ್ಟೋ ವರ್ಷವಾಗಿದೆ.

"ಅಕಿ ಅಲ್ಲ ಬೇ, ನೀನು."

"ನಾನಾ?" ಅವ್ವ ಮತ್ತೊಮ್ಮೆ ನೋಡಿ, ರೊಟ್ಟಿಗೆ ನೀರು ಸವರಿದಳು. "ನಾ ಯಾವಾಗ ಹಿಂಗಿದ್ದೆ? ಮೊದಲೂ ಹಿಂಗಿರಲಿಲ್ಲ."

ಆ ಮಾತಿನ ನಂತರ ರೇಣುಕಾ ಕೆಲವು ದಿನ ಫೋನು ಮುಟ್ಟಲಿಲ್ಲ. ಕರೆಂಟು ಹೋದರೆ ಮೇಜಿಗೆ ತಲೆಯಿಟ್ಟು ಮಲಗಿದಳು. ಬಂದರೆ ಎದ್ದು ಹೊಲಿದಳು. ಮದುವೆಯ ಹಂಗಾಮು, ಹೊಲಿದಷ್ಟೂ ಬಟ್ಟೆ ಬಂದು ಬೀಳುತ್ತಿತ್ತು. ಕಣ್ಣು ಉರಿಯುತ್ತಿತ್ತು. ಯಾರಿಗೆ ಬೇಕು ಚಿತ್ರ ಎನಿಸಿತು.

ಹಾಗಿರುವಾಗ ಹಾಲು ಮಾರುವ ಗುರುಬಸಮ್ಮನ ಜಂಪರು ಕತ್ತರಿಸಲು ಕೂತಳು. ಮಡಿಕೆ ಹಾಕಿದಳು, ಗುರುತು ಮಾಡಿದಳು, ಕತ್ತರಿಸಿದಳು. ಕೈ ತಾನಾಗಿಯೇ ಬಟ್ಟೆ ಬಿಚ್ಚಿ ಹರಡಿತು. ಬಲಭುಜದ ಅಂಚಿನಲ್ಲಿ ಕತ್ತರಿ ಒಂದಿಷ್ಟು ಓರೆಯಾಗಿ ಓಡಿ, ಸಣ್ಣ ಚೂರೊಂದು ಕೆಳಗೆ ಬಿತ್ತು.

"ಅಕಿದೊಂದು ಯಾಕ ಬಿಚ್ಚಿ ಕತ್ತರಸ್ತಿ?" ಜೋಹರಾಬಿ ಹುಕ್ಕು ಹಚ್ಚುತ್ತಲೇ ಕೇಳಿದಳು.

"ಕ್ಯಾನು ಹೊತ್ತು ಹೊತ್ತು ಆ ಕಡಿ ಭುಜ ಇಳದೈತಿ ಚಾಚಿ. ಮಡಚಿ ಕತ್ತರಿಸಿದ್ರ ಜಾರತೈತಿ, ಅಕಿಗೆ ಕೂಡಂಗಿಲ್ಲ."

ಹೇಳಿ ಮುಗಿಸಿದವಳು ಕತ್ತರಿಯನ್ನು ಮೇಜಿನ ಮೇಲಿಟ್ಟಳು. ಕೆಳಗೆ ಬಿದ್ದ ಚೂರನ್ನು ನೋಡಿದಳು. ಎಷ್ಟೋ ವರ್ಷದಿಂದ ಈ ಚೂರು ಹೀಗೆ ಬೀಳುತ್ತಿದೆ. ಕೈಗೆ ಗೊತ್ತಿದ್ದದ್ದು ತಲೆಗೆ ಗೊತ್ತಿರಲಿಲ್ಲ.

ಅವತ್ತು ಕರೆಂಟು ಹೋದಾಗ ಆ ನಡುಗೆರೆಯನ್ನು ತೆಗೆದುಹಾಕಿ ಜೋಹರಾಬಿಯನ್ನು ಬರೆಯಲು ಕೂತಳು. ಮುಖಗಳು ಮೊದಲಿನಂತೆ ಕೆಟ್ಟವು. ಗದ್ದ ಎಲ್ಲೋ ಹೋಯಿತು, ಕಿವಿ ಎಲ್ಲೋ ಹೋಯಿತು. ಆದರೆ ಈ ಸಲ ವಿಡಿಯೋದ ಹುಡುಗಿಯನ್ನು ಬಿಟ್ಟು ಅಳತೆ ತೆಗೆಯುವಂತೆ ನೋಡಿದಳು. ಈ ಹುಬ್ಬಿಗಿಂತ ಆ ಹುಬ್ಬು ಎಷ್ಟು ಮೇಲೆ? ಚಾಳೀಸು ಯಾವ ಕಡೆ ಜಾರಿದೆ? ದಾರ ಕಚ್ಚಿ ಹರಿಯುವ ಕಡೆಯ ತುಟಿ ಹೇಗಿದೆ? ಬರೆದು, ಅಳಿಸಿ, ದಿನಗಳು ಹೋದವು. ಕೊನೆಗೊಂದು ಮಧ್ಯಾಹ್ನ ಜೋಹರಾಬಿ ಫೋನು ಇಣುಕಿ, ಹುಕ್ಕಿನ ಡಬ್ಬಿ ಬೀಳಿಸಿಕೊಂಡಳು.

"ಅಯ್ಯ ಅಲ್ಲಾ! ನಾನಽ ಇದು. ಚಾಳೀಸು ಜಾರಿದ್ದನೂ ಬಿಟ್ಟಿಲ್ಲಲ್ಲ ಮುದೇವಿ!" ನಗುತ್ತ ನಗುತ್ತ ಸೆರಗು ಬಾಯಿಗಿಟ್ಟುಕೊಂಡಳು. "ಅಳಿಸು, ಮಂದಿ ನೋಡ್ಯಾರು. ತಡಿ ತಡಿ, ಇನ್ನೊಮ್ಮಿ ತೋರ್ಸು."

ಅವ್ವನನ್ನು ಬರೆಯುವುದು ಇಷ್ಟು ಸುಲಭವಾಗಲಿಲ್ಲ. ಎಡಗೆನ್ನೆ ನೋಡಲು ಸಿಗಬೇಕಲ್ಲ. ಅನ್ನದಾನಮ್ಮ ರೊಟ್ಟಿ ತಟ್ಟುವಾಗ ಎರಡೂ ಕೈ ಹಿಟ್ಟಾಗಿರುತ್ತವೆ. ಸೆರಗು ಜಾರಿದರೂ ಎಳೆದುಕೊಳ್ಳಲಾಗುವುದಿಲ್ಲ. ರೇಣುಕಾ ನೀರು ಕುಡಿಯುವ ನೆಪದಲ್ಲಿ ಬಂದು ನಿಂತು, ನೋಡಿ, ಹೋಗಿ ಬರೆದಳು. ಕಳ್ಳತನದಂತೆ ಅನಿಸಿತು. ಎಡಗಣ್ಣು ಸ್ವಲ್ಪ ಸಣ್ಣದು, ಅದರ ಕೆಳಗೆ ಸಡಿಲ. ತುಟಿಯ ತುದಿ ಇಳಿದಿದೆ, ಆದರೆ ಅವ್ವ ಮುಚ್ಚಿಕೊಳ್ಳುವಷ್ಟೇನಲ್ಲ. ಆ ಕಡೆ ಸುಕ್ಕು ಕಡಿಮೆ. ಆ ತುಟಿ ಬರೆಯುವಾಗ ಕೈ ಎರಡು ಸಲ ನಿಂತಿತು. ಸ್ವಲ್ಪ ಮೇಲೆತ್ತಿ ಬರೆದರೆ ಯಾರಿಗೆ ಗೊತ್ತಾಗುತ್ತದೆ? ಮೇಲೆತ್ತಿದಳು. ಚಿತ್ರದಲ್ಲಿ ಹಲವಾಗಲಿನ ದೊಡ್ಡವ್ವ ಇಣುಕಿದಳು. ಮತ್ತೆ ಕೆಳಗಿಳಿಸಿದಳು.

ನಿಶ್ಚಯಕ್ಕೆ ಮೂರು ದಿನವಿತ್ತು. ಒಲೆಯ ಮುಂದೆ ಕೂತು ಫೋನನ್ನು ಅವ್ವನ ಕಡೆ ತಿರುಗಿಸಿದಳು.

ಅನ್ನದಾನಮ್ಮ ತವೆಯ ಮೇಲಿನ ರೊಟ್ಟಿ ತಿರುವಿ ಹಾಕಿ, ಕೈ ಒರೆಸಿಕೊಂಡು ಫೋನು ಇಸಿದುಕೊಂಡಳು. ಈ ಸಲ ಯಾರೆಂದು ಕೇಳಲಿಲ್ಲ. ರೊಟ್ಟಿಯ ಅಂಚು ಕರಕಾಯಿತು. ರೇಣುಕಾಳೇ ಬಾಗಿ ಅದನ್ನು ತೆಗೆದಳು.

"ಇಷ್ಟ ಸೊಟ್ಟ ಆಗೈತೇನು?" ಎಂದಳು ಅವ್ವ.

"ಹೂಂ. ಇಷ್ಟಽ."

"ಖರೇ ಹೇಳು. ಕಡಿಮಿ ಮಾಡಿ ಬರ್ದಿಲ್ಲ ಹೌದಿಲ್ಲೋ?"

"ಇಲ್ಲ ಬೇ. ಕಡಿಮಿ ಮಾಡಿದ್ರ ನೀ ಆಗವಲ್ಲಿ."

ಅವ್ವ ಬೆರಳ ತುದಿಯನ್ನು ಚಿತ್ರದ ತುಟಿಯ ಹತ್ತಿರ ಒಯ್ದಳು, ಮುಟ್ಟಲಿಲ್ಲ. "ನಾ ಇನ್ನೂ ಭಾಳ ಅನ್ಕೊಂಡಿದ್ದೆ," ಎಂದಳು ಮೆಲ್ಲಗೆ. "ಮಕ್ಕಳು ಹೆದರ್ಕೊಳ್ಳೋ ಅಷ್ಟು."

ರೇಣುಕಾ ಗೋಡೆಗೆ ಒರಗಿದಳು. ಒಲೆಯ ಮೇಲೆ ಬರಿದಾದ ತವೆ ಹೊಗೆಯಾಡಿತು.

"ಆ ಹಸರು ಪೀಸು ಎಲ್ಲೈತಿ?" ಅವ್ವ ಫೋನು ಮರಳಿ ಕೊಟ್ಟಳು.

"ಕಪಾಟ್ನ್ಯಾಗೈತಿ. ಕತ್ತರಿಸಿಲ್ಲ."

"ಹಳೆ ಅಳತಿ ಮ್ಯಾಲ ಹೊಲದೀ ಮತ್ತ, ಜೋಲಾಡತೈತಿ. ನಾ ಬಡಕಲಾಗೇನಿ."

ಮಧ್ಯಾಹ್ನ ಹೋದ ಕರೆಂಟು ಅಂಗಡಿಯಲ್ಲಿ ಇನ್ನೂ ಬಂದಿರಲಿಲ್ಲ. ಬಾಗಿಲಿನ ಬೆಳಕಿನಲ್ಲಿ ಅನ್ನದಾನಮ್ಮ ಕನ್ನಡಿಗೆ ಬೆನ್ನು ಮಾಡಿ ನಿಂತಳು. ರೇಣುಕಾ ಕೊರಳಿನಿಂದ ಟೇಪು ತೆಗೆದು ಮೊದಲು ಬಲಭುಜ ಅಳೆದಳು, ಆಮೇಲೆ ಎಡಭುಜ, ಬೇರೆ ಬೇರೆಯಾಗಿ. ಹೊರಗೆ ಜೋಹರಾಬಿಯ ಚಪ್ಪಲಿ ಸದ್ದಾಯಿತು. ಅವ್ವನ ಕೈ ಸೆರಗಿನತ್ತ ಹೋಯಿತು, ಅರ್ಧಕ್ಕೆ ನಿಂತಿತು.

"ಲಗೂ ಮಾಡಲೇ," ಎಂದಳು. "ಹಿಟ್ಟು ಆರಾಕತ್ತೈತಿ."